ಅಗ್ಗದ ಪ್ರೊಸೆಸರ್ ಕಲಿಯದ ಆಜ್ಞೆಗಳು

ಬೆಂಗಳೂರಿನ ಎಸ್.ಪಿ. ರಸ್ತೆಗೆ ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೋದವರ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಯಾವುದೋ ಕಂಪನಿ ವಿಲೇವಾರಿ ಮಾಡಿದ ಹಳೆಯ ಡೆಸ್ಕ್‌ಟಾಪ್ ಒಂದು. ಸೀಲ್ ಒಡೆಯದ ಡಬ್ಬಿಯಲ್ಲಿರುವ ಅಗ್ಗದ ಹೊಸ ಪ್ರೊಸೆಸರ್ ಇನ್ನೊಂದು. ಹಳೆಯದರಲ್ಲಿ 2013ರ ಕೋರ್ ಐ5-4570 ಇದೆ, ಹೊಸ ಡಬ್ಬಿಯಲ್ಲಿ 2020ರ ಪೆಂಟಿಯಂ ಗೋಲ್ಡ್ ಜಿ6400 ಇದೆ ಎಂದಿಟ್ಟುಕೊಳ್ಳಿ. ಎರಡನ್ನೂ ಮಾಡಿದ್ದು ಇಂಟೆಲ್ಲೇ. ಏಳು ವರ್ಷ ಕಿರಿಯದಾದ ಪೆಂಟಿಯಂಗೆ ಏನಿಲ್ಲವೆಂದರೂ ಹಿರಿಯ ಅಣ್ಣನಿಗೆ ಗೊತ್ತಿರುವುದೆಲ್ಲ ಗೊತ್ತಿರಬೇಕು ಎಂದು ಯಾರಾದರೂ ಭಾವಿಸುತ್ತಾರೆ. ಗೊತ್ತಿಲ್ಲ. ಎವಿಎಕ್ಸ್ ಮತ್ತು ಎವಿಎಕ್ಸ್2 ಎಂಬ ಆಜ್ಞೆಗಳ ಎರಡು ದೊಡ್ಡ ಗುಂಪುಗಳು ಆ ಹಳೆಯ ಐ5ನಲ್ಲಿವೆ, ಹೊಸ ಪೆಂಟಿಯಂನಲ್ಲಿ ಇಲ್ಲ.

ಇದನ್ನು ಹೇಳಿದಾಗಲೆಲ್ಲ ಕಂಪ್ಯೂಟರ್ ಬಲ್ಲವರಿಂದ ಬರುವ ಉತ್ತರ ಒಂದೇ: "ಅಷ್ಟು ಕಡಿಮೆ ಬೆಲೆಯ ಪ್ರೊಸೆಸರ್ ಕೊಳ್ಳುವವರು ಬಳಸುವ ಸಾಫ್ಟ್‌ವೇರ್ ಆ ಆಜ್ಞೆಗಳನ್ನು ಎಲ್ಲಿ ಕೇಳುತ್ತೆ? ಕೇಳಲು ಶುರುಮಾಡಲಿ, ಆಮೇಲೆ ಕೊಟ್ಟರಾಯಿತು." ಮೇಲ್ನೋಟಕ್ಕೆ ಇದು ವ್ಯವಹಾರಜ್ಞಾನದ ಮಾತು. ಯಾರೂ ಬಳಸದ ಸೌಲಭ್ಯಕ್ಕೆ ಬಡವನೇಕೆ ದುಡ್ಡು ತೆರಬೇಕು? ಆದರೆ ಸಾಫ್ಟ್‌ವೇರ್ ಬರೆಯುವವರನ್ನು ಕೇಳಿದರೆ ಅವರು ಹೇಳುವುದು: "ಅರ್ಧ ಜನರ ಯಂತ್ರದಲ್ಲಿ ಇಲ್ಲದ್ದನ್ನು ನಂಬಿ ನಾವು ಹೇಗೆ ಬರೆಯೋಣ?" ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಕಥೆಯೇ ಇದು. ಈ ಗಂಟನ್ನು ಯಾವ ತುದಿಯಿಂದ ಬಿಡಿಸಬೇಕು ಎಂಬ ಬಗ್ಗೆ ನನಗೆ ಅನುಮಾನವಿಲ್ಲ. ಆಜ್ಞೆ ಮೊದಲು ಅಗ್ಗದ ಪ್ರೊಸೆಸರಿಗೆ ಬರಬೇಕು. ಸಾಫ್ಟ್‌ವೇರ್ ಆ ಬಳಿಕವೇ ಬರುತ್ತದೆ, ಅದಕ್ಕೆ ಮೊದಲು ಬರಲು ಸಾಧ್ಯವೇ ಇಲ್ಲ.

ಆಜ್ಞೆ ಎಂದರೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಫುಲ್ ಎಚ್‌ಡಿ ವಿಡಿಯೊದ ಒಂದು ಫ್ರೇಮಿನಲ್ಲಿ 20,73,600 ಚುಕ್ಕೆಗಳಿರುತ್ತವೆ. ಬಣ್ಣವನ್ನು ಬದಿಗಿಟ್ಟು ಅಷ್ಟೂ ಚುಕ್ಕೆಗಳ ಹೊಳಪನ್ನು ಕೊಂಚ ಏರಿಸಬೇಕು, ಒಂದೊಂದು ಚುಕ್ಕೆಗೂ ಒಂದು ಬೈಟ್ ಎನ್ನಿ. 2000ದ ಪೆಂಟಿಯಂ 4ರ ಜೊತೆ ಬಂದ ಎಸ್‌ಎಸ್‌ಇ2 ಆಜ್ಞೆಗಳು ಒಂದು ಏಟಿಗೆ 16 ಬೈಟ್ ಹಿಡಿದು ಕೂಡಿಸುತ್ತವೆ; ಈ ಕೆಲಸಕ್ಕೆ 1,29,600 ಏಟು ಬೇಕು. 2013ರ ಎವಿಎಕ್ಸ್2 ಒಮ್ಮೆಗೆ 32 ಬೈಟ್ ಹಿಡಿಯುತ್ತದೆ. 64,800 ಏಟಿಗೆ ಮುಗಿಯಿತು. ಚಿತ್ರ, ಧ್ವನಿ, ಎನ್‌ಕ್ರಿಪ್ಷನ್, ಹುಡುಕಾಟ, ಈಚೆಗೆ ಮಾತು ಗುರುತಿಸುವ ಎಐ, ಎಲ್ಲದರ ಒಡಲಲ್ಲೂ ಇಂಥದೇ ಕೂಡುವ, ಗುಣಿಸುವ ಕೆಲಸ ತುಂಬಿದೆ.

ಪ್ರೊಸೆಸರಿಗೆ ಗೊತ್ತಿಲ್ಲದ ಆಜ್ಞೆ ಎದುರಾದರೆ ಅದು ನಿಧಾನಿಸುವುದಿಲ್ಲ, ಕೈಚೆಲ್ಲಿಬಿಡುತ್ತದೆ. 2018ರಲ್ಲಿ ಮಷೀನ್ ಲರ್ನಿಂಗ್ ತಂತ್ರಾಂಶ ಟೆನ್ಸರ್‌ಫ್ಲೋ 1.6 ಬಂದಾಗ ಅದರ ಸಿದ್ಧ ಆವೃತ್ತಿಯನ್ನು ಎವಿಎಕ್ಸ್ ಇದೆಯೆಂದು ಭಾವಿಸಿಯೇ ಕಟ್ಟಲಾಗಿತ್ತು. ಪೆಂಟಿಯಂ, ಸೆಲೆರಾನ್ ಯಂತ್ರಗಳಲ್ಲಿ ಮಷೀನ್ ಲರ್ನಿಂಗ್ ಕಲಿಯಲು ಕುಳಿತವರು ಪೈಥಾನ್‌ನಲ್ಲಿ ಮೊದಲ ಸಾಲು ಟೈಪಿಸಿ ಎಂಟರ್ ಒತ್ತಿದರೆ ತೆರೆಯ ಮೇಲೆ ಬರುತ್ತಿದ್ದುದು 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂಬೆರಡು ಪದ, ಅಷ್ಟೇ. ಯಾವ ಆಜ್ಞೆ, ಏಕೆ, ಏನು ಮಾಡಬೇಕು, ಯಾವ ಸುಳಿವೂ ಇಲ್ಲ. ಕಾನೂನುಬಾಹಿರ ಕೆಲಸ ಮಾಡಿದವರು ತಾವೇ ಎಂಬಂತೆ ವಿದ್ಯಾರ್ಥಿಗಳು ಪೆಚ್ಚಾಗಬೇಕಿತ್ತು.

ಈ ವಿಷಯದಲ್ಲಿ ಇಂಟೆಲ್ ಒಮ್ಮೆ ಸರಿಯಾದ ದಾರಿ ಹಿಡಿದಿತ್ತು ಎಂಬುದು ಈಗ ಯಾರಿಗೂ ನೆನಪಿದ್ದಂತಿಲ್ಲ. 1985ರಲ್ಲಿ ಬಂದ 80386 ಆ ಕಂಪನಿಯ ಪಿಸಿ ಪ್ರೊಸೆಸರುಗಳನ್ನು 16 ಬಿಟ್‌ನಿಂದ 32 ಬಿಟ್‌ಗೆ ಏರಿಸಿತು. ಆಗ ಅದನ್ನು ಪೂರ್ತಿ ಬಳಸುವ ಸಾಫ್ಟ್‌ವೇರ್ ಇರಲಿಲ್ಲವೆಂದೇ ಹೇಳಬೇಕು. ಡಾಸ್ ಅದನ್ನು ವೇಗದ ಹಳೆಯ ಪ್ರೊಸೆಸರ್‌ನಂತೆ ಓಡಿಸುತ್ತಿತ್ತು. 1988ರಲ್ಲಿ ಅಗ್ಗದ ಆವೃತ್ತಿ ಮಾಡುವ ಸಮಯ ಬಂತು. ಆಗ ಇಂಟೆಲ್ ಕತ್ತರಿಸಿದ್ದು ಹೊರಗಿನ ಡೇಟಾ ಬಸ್ಸನ್ನು: 32 ಬಿಟ್ ಇದ್ದದ್ದು 16 ಆಯಿತು. ಇದರಿಂದ ಮದರ್‌ಬೋರ್ಡ್ ಅಗ್ಗವಾಯಿತು, ನೆನಪುಕೋಶದಿಂದ ಮಾಹಿತಿ ಎರಡು ಕಂತಿನಲ್ಲಿ ಬರತೊಡಗಿತು, ಯಂತ್ರ ನಿಧಾನವಾಯಿತು. ಆದರೆ ಆಜ್ಞೆಗಳಲ್ಲಿ ಒಂದನ್ನೂ ಕಿತ್ತುಕೊಳ್ಳಲಿಲ್ಲ. ಆ 386ಎಸ್‌ಎಕ್ಸ್ ಕೊಂಡವರ ಯಂತ್ರ ದುಬಾರಿ 386 ಮಾಡುವ ಪ್ರತಿಯೊಂದನ್ನೂ ಮಾಡುತ್ತಿತ್ತು, ತುಸು ತಡವಾಗಿ. 1990ರಲ್ಲಿ ವಿಂಡೋಸ್ 3.0 ಬಂದು 386ಕ್ಕೆಂದೇ ಪ್ರತ್ಯೇಕ ಮೋಡ್ ತಂದಾಗ ಅಗ್ಗದ ಯಂತ್ರದಲ್ಲೂ ಅದು ಓಡಿತು. 1993ರ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ 3.11 '386 ಇಲ್ಲದಿದ್ದರೆ ಆಗುವುದಿಲ್ಲ' ಎಂದು ಧೈರ್ಯವಾಗಿ ಹೇಳಿತು. ಹಾಗೆ ಹೇಳುವ ಧೈರ್ಯ ಬಂದದ್ದರಲ್ಲಿ ಕೆಳದರ್ಜೆಯ ಯಂತ್ರಗಳಲ್ಲೂ 386 ಇದ್ದುದರ ಪಾಲು ದೊಡ್ಡದು.

ಮುಂದಿನ ಪೀಳಿಗೆಯಲ್ಲೇ ಕಂಪನಿ ದಾರಿ ತಪ್ಪಿತು. 1991ರ 486ಎಸ್‌ಎಕ್ಸ್‌ನಲ್ಲಿ ದಶಮಾಂಶ ಲೆಕ್ಕ ಮಾಡುವ ಭಾಗವನ್ನೇ ಬಂದ್ ಮಾಡಲಾಯಿತು. ಮೊದಮೊದಲಿನ ಚಿಪ್‌ಗಳಲ್ಲಿ ಆ ಭಾಗ ಸಿಲಿಕಾನ್ ಮೇಲೆ ಇತ್ತು, ನಿಷ್ಕ್ರಿಯವಾಗಿತ್ತು ಅಷ್ಟೇ. 'ಆಮೇಲೆ ಬೇಕಾದರೆ ಕೊಳ್ಳಿ' ಎಂದು ಮಾರಿದ 487ಎಸ್‌ಎಕ್ಸ್ ಎಂಬ ಜೊತೆಗಾರ ಚಿಪ್ ಒಂದು ಪೂರ್ಣ 486ಡಿಎಕ್ಸ್‌ ಆಗಿತ್ತು. ಅದನ್ನು ಕೂರಿಸಿದರೆ ಮೊದಲಿನದು ಸುಮ್ಮನೆ ಕೂರುತ್ತಿತ್ತು. ಪರಿಣಾಮವಾಗಿ ಸಾಫ್ಟ್‌ವೇರ್ ಬರೆಯುವವರು ದಶಮಾಂಶ ಲೆಕ್ಕವನ್ನು ಬಳಸಲು ಇನ್ನೂ ಕೆಲವು ವರ್ಷ ಹೆದರಬೇಕಾಯಿತು. 1993ರ ಪೆಂಟಿಯಂನಿಂದ ಮುಂದೆ ಆ ಭಾಗ ಪ್ರತಿಯೊಂದು ಪ್ರೊಸೆಸರಿನಲ್ಲೂ ಇರುವುದು ಖಚಿತವಾಯಿತು. 1996ರಲ್ಲಿ ಬಂದ ಕ್ವೇಕ್ ಆಟ ಅದನ್ನೇ ನಂಬಿ ಬರೆದದ್ದು. ಮನೆಯ ಪಿಸಿಯಲ್ಲಿ ಮೂರು ಆಯಾಮದ ಆಟಗಳ ಯುಗ ತೆರೆದ ರೀತಿ ಇದು.

ಎವಿಎಕ್ಸ್ ಕಥೆ 486ಎಸ್‌ಎಕ್ಸ್ ಕಥೆಯದೇ ಉದ್ದನೆಯ ಮರುಪ್ರದರ್ಶನ. 2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಲ್ಲಿ ಇಂಟೆಲ್ ಅದನ್ನು ಪರಿಚಯಿಸಿತು. ಅದೇ ವಿನ್ಯಾಸದ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಆ ಆಜ್ಞೆಗಳನ್ನು ಮುಚ್ಚಿಟ್ಟಿತು. ಐವಿ ಬ್ರಿಡ್ಜ್, ಹ್ಯಾಸ್‌ವೆಲ್, ಸ್ಕೈಲೇಕ್, ಕಾಫಿ ಲೇಕ್, ಕಾಮೆಟ್ ಲೇಕ್ ಎಂದು ಪೀಳಿಗೆಗಳು ಉರುಳಿದವು, ಬಾಗಿಲು ತೆರೆಯಲಿಲ್ಲ. ಡೆಸ್ಕ್‌ಟಾಪ್ ಪೆಂಟಿಯಂಗೆ ಎವಿಎಕ್ಸ್2 ಸಿಕ್ಕಿದ್ದು 2022ರ ಜಿ7400ರಲ್ಲಿ. ಅಗ್ಗದ ಲ್ಯಾಪ್‌ಟಾಪ್‌ಗಳಿಗೆ ಹೋಗುವ ಚಿಕ್ಕ ಕೋರ್‌ಗಳ ಸಾಲಿಗೆ ಅದು ಬಂದದ್ದು 2023ರ ಎನ್100 ಮತ್ತು ಅದರ ಸೋದರರ ಜೊತೆ. ಹನ್ನೊಂದು ಹನ್ನೆರಡು ವರ್ಷ! ದೋಷ ಬಂದ ಭಾಗವನ್ನು ಮುಚ್ಚಿ ಅಗ್ಗಕ್ಕೆ ಮಾರುವ ಪದ್ಧತಿ ಚಿಪ್ ಉದ್ಯಮದಲ್ಲಿದೆ, ಅದರಲ್ಲಿ ತಪ್ಪೇನಿಲ್ಲ. ಹಾಳಾದ ಕೋರ್, ಹಾಳಾದ ಕ್ಯಾಷೆ ಹಾಗೆಯೇ ಸದುಪಯೋಗವಾಗುತ್ತವೆ. ಆದರೆ ಹನ್ನೊಂದು ವರ್ಷ ತಯಾರಾದ ಪ್ರತಿ ಡೆಸ್ಕ್‌ಟಾಪ್ ಪೆಂಟಿಯಂನಲ್ಲೂ ಕರಾರುವಾಕ್ಕಾಗಿ ಎವಿಎಕ್ಸ್ ಭಾಗವೇ ಕೆಟ್ಟಿತ್ತೆಂದು ನಂಬುವುದು ಕಷ್ಟ. ಇದು ಬೆಲೆಯ ಮೆಟ್ಟಿಲು ಕಟ್ಟುವ ಲೆಕ್ಕಾಚಾರ. 2010ರಲ್ಲಿ ಇದೇ ಕಂಪನಿ ಪೆಂಟಿಯಂ ಜಿ6951 ಕೊಂಡವರಿಗೆ 50 ಡಾಲರಿನ ಒಂದು ಕಾರ್ಡ್ ಮಾರಿತು. ಅದರ ಸಂಖ್ಯೆ ಹೊಡೆದರೆ ಒಳಗೇ ಇದ್ದ ಹೈಪರ್‌ಥ್ರೆಡಿಂಗೂ ಹೆಚ್ಚಿನ ಕ್ಯಾಷೆಯೂ ತೆರೆದುಕೊಳ್ಳುತ್ತಿದ್ದವು. ಜನ ಛೀಮಾರಿ ಹಾಕಿದರು, ಯೋಜನೆ ಹೆಚ್ಚು ದಿನ ಬಾಳಲಿಲ್ಲ. ಬೀಗ ಇರುವುದಂತೂ ಎಲ್ಲರಿಗೂ ಕಂಡಿತು.

'ಬೇಕಾದವರು ಮೇಲಿನದನ್ನು ಕೊಳ್ಳಲಿ, ಬೇಡದವರಿಗೆ ನಷ್ಟವೇನು?' ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನಷ್ಟ ಎಲ್ಲರಿಗೂ. ದುಬಾರಿ ಪ್ರೊಸೆಸರ್ ಕೊಂಡವರಿಗೂ. ಸಾಫ್ಟ್‌ವೇರ್ ಕಟ್ಟುವವರು ಮಾರುಕಟ್ಟೆಯ ಅತ್ಯುತ್ತಮ ಯಂತ್ರವನ್ನು ನೋಡಿ ಕಟ್ಟುವುದಿಲ್ಲ, ಇನ್ನೂ ಬಳಕೆಯಲ್ಲಿರುವ ಅತ್ಯಂತ ಬಡ ಯಂತ್ರವನ್ನು ನೋಡಿ ಕಟ್ಟುತ್ತಾರೆ. 2019ರಲ್ಲಿ ಫೆಡೋರಾ ಲಿನಕ್ಸ್‌ನಲ್ಲಿ ಇನ್ನು ಮುಂದೆ ಎವಿಎಕ್ಸ್2 ಕಡ್ಡಾಯ ಮಾಡೋಣ ಎಂಬ ಪ್ರಸ್ತಾಪ ಬಂತು. ಆಗ ಎವಿಎಕ್ಸ್2ಗೆ ಆರು ವರ್ಷ ವಯಸ್ಸು. ಪ್ರಸ್ತಾಪ ಬಿದ್ದುಹೋಯಿತು. ಬೀಳದೆ ಇನ್ನೇನಾಗುತ್ತದೆ? ಆ ಆಜ್ಞೆ ಇಲ್ಲದ ಹೊಚ್ಚಹೊಸ ಪ್ರೊಸೆಸರುಗಳು ಆ ದಿನವೂ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಒಂದು ಆಜ್ಞೆಯ ವಯಸ್ಸನ್ನು ಅದು ಹುಟ್ಟಿದ ದಿನದಿಂದ ಎಣಿಸುವುದೇ ತಪ್ಪು. ಅದಿಲ್ಲದ ಕೊನೆಯ ಅಗ್ಗದ ಚಿಪ್ ಮಾರಾಟವಾದ ದಿನದಿಂದ ಎಣಿಸಬೇಕು. ಮನೆಯ ಕಂಪ್ಯೂಟರ್ ಹತ್ತು ವರ್ಷ ಬಾಳುತ್ತದೆ ಎಂದುಕೊಂಡರೆ, 2013ರಲ್ಲೇ ಎಲ್ಲದಕ್ಕೂ ಎವಿಎಕ್ಸ್2 ಕೊಟ್ಟಿದ್ದರೆ 2023ಕ್ಕೆ ಸಾಫ್ಟ್‌ವೇರ್ ನಿರಾತಂಕವಾಗಿ ಅದರ ಮೇಲೆ ನಿಲ್ಲಬಹುದಿತ್ತು. ಈಗ ಆ ದಿನ 2030ರ ದಶಕಕ್ಕೆ ಹೋಗಿದೆ.

ಇಲ್ಲಿ ತಾಂತ್ರಿಕರು ಒಂದು ನ್ಯಾಯವಾದ ಆಕ್ಷೇಪ ಎತ್ತುತ್ತಾರೆ. ಒಂದೇ ಪ್ರೋಗ್ರಾಮಿನಲ್ಲಿ ಎರಡು ದಾರಿ ಇಡಬಹುದಲ್ಲ; ಓಡುವಾಗ ಪ್ರೊಸೆಸರನ್ನೇ 'ನಿನಗೆ ಏನೇನು ಬರುತ್ತೆ?' ಎಂದು ಕೇಳಿ ಅದಕ್ಕೆ ತಕ್ಕ ದಾರಿ ಹಿಡಿಯಬಹುದಲ್ಲ ಎಂದು. ಹೌದು, ಹಾಗೆ ಮಾಡುವವರಿದ್ದಾರೆ. ಎವಿ1 ವಿಡಿಯೊ ಬಿಡಿಸುವ ಡೇವಿಡ್ (ಇಂಗ್ಲಿಷಿನಲ್ಲಿ 'ಐ' ಅಕ್ಷರದ ಬದಲು ಅವರು '1' ಎಂದು ಬರೆಯುತ್ತಾರೆ) ಎಂಬ ಮುಕ್ತ ತಂತ್ರಾಂಶ 2018ರಲ್ಲಿ ಮೊದಲು ಎವಿಎಕ್ಸ್2ಗೆ ಅಸೆಂಬ್ಲಿ ಬರೆಯಿತು, ಆಮೇಲೆ ಹಳೆಯ ಮತ್ತು ಅಗ್ಗದ ಪ್ರೊಸೆಸರುಗಳಿಗಾಗಿ ಅದೇ ಕೆಲಸವನ್ನು ಎಸ್‌ಎಸ್‌ಎಸ್‌ಇ3 ಎಂಬ ಹಳೆಯ ಆಜ್ಞೆಗಳಲ್ಲಿ ಇನ್ನೊಮ್ಮೆ ಬರೆಯಿತು. ಕೈಯಿಂದ ಅಸೆಂಬ್ಲಿ ಬರೆಯಬಲ್ಲ ಆ ಕೆಲವೇ ಜನರ ದುಡಿಮೆ ಹೀಗೆ ಎರಡು ಪಟ್ಟಾಯಿತು. ಇಷ್ಟು ಶ್ರಮ ಸಲ್ಲುವುದು ವಿಡಿಯೊ, ಎನ್‌ಕ್ರಿಪ್ಷನ್‌ನಂಥ ಬಿಸಿ ಜಾಗಗಳಿಗೆ ಮಾತ್ರ. ಲೆಕ್ಕಪತ್ರದ ಪ್ರೋಗ್ರಾಂ, ಪುಟವಿನ್ಯಾಸದ ಪ್ರೋಗ್ರಾಂ, ಯಾರೋ ಒಬ್ಬರೇ ಬರೆದ ಸಣ್ಣ ಉಪಕರಣ, ಇವುಗಳ ಲಕ್ಷಾಂತರ ಸಾಲುಗಳಿಗೆ ಎರಡೆರಡು ದಾರಿ ಯಾರು ಇಡುತ್ತಾರೆ? ಅಲ್ಲೆಲ್ಲ ಕಂಪೈಲರ್ ಸುರಕ್ಷಿತವಾದ ಕನಿಷ್ಠ ಮಟ್ಟಕ್ಕೇ ಅನುವಾದಿಸುತ್ತದೆ. ಐ9 ಕೊಂಡವರೂ ಅದನ್ನೇ ಓಡಿಸುತ್ತಾರೆ.

ಬೆಲೆಯ ವಾದವೂ ಇದೆ. ಅಗಲವಾದ ಲೆಕ್ಕದ ಘಟಕಗಳು ಸಿಲಿಕಾನ್ ಜಾಗ ತಿನ್ನುತ್ತವೆ, ವಿದ್ಯುತ್ ಕುಡಿಯುತ್ತವೆ, ಚಿಕ್ಕ ಚಿಪ್‌ಗೆ ಹೊರೆ. ಘಟಕದ ಬಗ್ಗೆ ಇದು ನಿಜ, ಆಜ್ಞೆಯ ಬಗ್ಗೆ ನಿಜವಲ್ಲ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಜಾಗ್ವಾರ್ ಎಂಬ ಕಡಿಮೆ ವಿದ್ಯುತ್ತಿನ ಪುಟ್ಟ ಕೋರ್ 2013ರಲ್ಲೇ ಎವಿಎಕ್ಸ್ ಅರ್ಥಮಾಡಿಕೊಳ್ಳುತ್ತಿತ್ತು. ಅದರ ಲೆಕ್ಕದ ಘಟಕ 128 ಬಿಟ್‌ನದು. 256 ಬಿಟ್‌ನ ಆಜ್ಞೆ ಬಂದರೆ ಎರಡು ತುಂಡು ಮಾಡಿ ನುಂಗುತ್ತಿತ್ತು. ಸೋನಿಯ ಪ್ಲೇಸ್ಟೇಷನ್ 4ರಲ್ಲಿ ಇದ್ದದ್ದು ಇದೇ ಕೋರ್. ಎಎಂಡಿಯ ಮೊದಲ ಝೆನ್ ವಿನ್ಯಾಸವೂ ಎವಿಎಕ್ಸ್2 ಅನ್ನು ಹೀಗೆಯೇ ಎರಡು ಕಂತಿನಲ್ಲಿ ನಡೆಸುತ್ತಿತ್ತು. 2018ರಲ್ಲಿ 55 ಡಾಲರಿಗೆ ಬಿಡುಗಡೆಯಾದ ಅಥ್ಲಾನ್ 200ಜಿಇ ಆ ಝೆನ್ ಕುಟುಂಬದ್ದೇ, ಅದಕ್ಕೆ ಎವಿಎಕ್ಸ್2 ಪೂರ್ತಿ ಬರುತ್ತಿತ್ತು. 55 ಡಾಲರಿನ ಚಿಪ್‌ಗೆ ಹೊರೆಯಾಗದ್ದು ಅದೇ ದರ್ಜೆಯ ಪೆಂಟಿಯಂಗೆ ಹೊರೆ ಎಂದರೆ ಒಪ್ಪುವುದು ಹೇಗೆ? ಅಗ್ಗದ ಪ್ರೊಸೆಸರ್ ನಿಧಾನವಾಗಿ ಮಾಡಲಿ, ಅದಕ್ಕಾಗಿಯೇ ಅದು ಅಗ್ಗ. 'ನನಗೆ ಬರುವುದೇ ಇಲ್ಲ' ಎನ್ನಬಾರದು. ಕೋರ್ ಕಡಿಮೆ ಮಾಡಿ, ಕ್ಯಾಷೆ ಇಳಿಸಿ, ಗಡಿಯಾರ ತಗ್ಗಿಸಿ. ಭಾಷೆಯಿಂದ ಪದಗಳನ್ನು ಕಿತ್ತುಕೊಳ್ಳಬೇಡಿ.

ಹಾಗಂತ ಕಂಪನಿಗಳು ಹೊಸೆದ ಪ್ರತಿ ಹೊಸ ಆಜ್ಞೆಯೂ ಮರುದಿನವೇ ಎಲ್ಲ ಚಿಪ್‌ಗಳಿಗೆ ಬರಲಿ ಎಂದು ನಾನು ವಾದಿಸುತ್ತಿಲ್ಲ. 1998ರಲ್ಲಿ ಎಎಂಡಿ ತಂದ 3ಡಿನೌ ಆಜ್ಞೆಗಳ ಗುಂಪು ಆ ಕಂಪನಿಯ ಅಗ್ಗದ ಪ್ರೊಸೆಸರುಗಳಲ್ಲೂ ಇತ್ತು. ಇಂಟೆಲ್ ಅದನ್ನು ಒಪ್ಪಲಿಲ್ಲ, 2010ರಲ್ಲಿ ಎಎಂಡಿಯೇ ಅದಕ್ಕೆ ಎಳ್ಳುನೀರು ಬಿಟ್ಟಿತು. ಇಂಟೆಲ್ ಆಮೇಲೆ ತಂದ, ಇನ್ನೂ ಅಗಲವಾದ ಎವಿಎಕ್ಸ್-512 ಬಗ್ಗೆ ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ 2020ರಲ್ಲಿ ಬೈದದ್ದು ಪ್ರಸಿದ್ಧ. 2021ರ ಆಲ್ಡರ್ ಲೇಕ್‌ನಲ್ಲಿ ದೊಡ್ಡ ಕೋರಿಗೆ ಅದು ಬರುತ್ತಿತ್ತು, ಜೊತೆಗಿದ್ದ ಚಿಕ್ಕ ಕೋರಿಗೆ ಬರುತ್ತಿರಲಿಲ್ಲ. ಕೊನೆಗೆ ಇಂಟೆಲ್ ದೊಡ್ಡದರಲ್ಲೂ ಅದನ್ನು ಮುಚ್ಚಬೇಕಾಯಿತು. ಒಂದೇ ಚಿಪ್ಪಿನೊಳಗೂ ಬಡ ಕೋರ್ ಸಿರಿವಂತ ಕೋರಿನ ಕೈ ಕಟ್ಟಿದ್ದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಇಬ್ಬರೂ ದೊಡ್ಡ ತಯಾರಕರು ಒಪ್ಪಿದ ಆಜ್ಞೆಗಳಿಗಷ್ಟೇ ನನ್ನ ವಾದ ಅನ್ವಯ. ಎವಿಎಕ್ಸ್2 ವಿಷಯದಲ್ಲಿ ಆ ಒಪ್ಪಿಗೆ 2015ರ ಹೊತ್ತಿಗೇ ಮುಗಿದಿತ್ತು. 2024ರ ಅಕ್ಟೋಬರಿನಲ್ಲಿ ಇಂಟೆಲ್ ಮತ್ತು ಎಎಂಡಿ ಸೇರಿ ಎಕ್ಸ್86 ವಿನ್ಯಾಸಕ್ಕೆ ಒಂದು ಸಲಹಾ ಕೂಟ ಕಟ್ಟಿಕೊಂಡಿವೆ. ಇಂಥ ಕೂಟ ಮೊದಲೇ ಇದ್ದಿದ್ದರೆ ಈ ಲೇಖನಕ್ಕೆ ಕೆಲಸವಿರುತ್ತಿರಲಿಲ್ಲ.

ಫೋನಿನ ಲೋಕದಲ್ಲಿ ಎರಡೂ ಬಗೆಯ ಸಾಕ್ಷ್ಯ ಇದೆ. ಎಆರ್‌ಎಂನ ಹಳೆಯ 32 ಬಿಟ್ ವಿನ್ಯಾಸದಲ್ಲಿ ನಿಯಾನ್ ಎಂಬ ಇಂಥದೇ ಆಜ್ಞೆಗಳು ಐಚ್ಛಿಕವಾಗಿದ್ದವು. ಎನ್‌ವಿಡಿಯಾದ ಟೆಗ್ರಾ 2 ಅದನ್ನು ಬಿಟ್ಟೇ ಬಂತು. ಆ್ಯಪ್ ಬರೆಯುವವರು ವರ್ಷಗಟ್ಟಲೆ 'ಇದೆಯಾ, ಇಲ್ಲವಾ' ಎಂದು ತಪಾಸಣೆ ಮಾಡುತ್ತಲೇ ಇದ್ದರು. 64 ಬಿಟ್ ಆಂಡ್ರಾಯ್ಡ್‌ನಲ್ಲಿ ನಿಯಾನ್ ಇರಲೇಬೇಕು ಎಂದಾಯಿತು. ಅಲ್ಲಿಗೆ ಆ ತಕರಾರು ಮುಗಿಯಿತು. ಇಂದು ಅತಿ ಅಗ್ಗದ 64 ಬಿಟ್ ಫೋನೂ ಅತಿ ದುಬಾರಿ ಫೋನೂ ಈ ವಿಷಯದಲ್ಲಿ ಒಂದೇ ಭಾಷೆ ಆಡುತ್ತವೆ.

ಎನ್‌ಕ್ರಿಪ್ಷನ್ ಕಥೆ ಬೇರೆ. ಎಇಎಸ್ ಎಂಬ ಎನ್‌ಕ್ರಿಪ್ಷನ್ ವಿಧಾನದ ಲೆಕ್ಕವನ್ನು ನೇರವಾಗಿ ಮಾಡುವ ಆಜ್ಞೆಗಳು ದುಬಾರಿ ಫೋನುಗಳಲ್ಲಿದ್ದವು, ಕಾರ್ಟೆಕ್ಸ್-ಎ7ನಂಥ ಅಗ್ಗದ ಕೋರ್‌ಗಳಲ್ಲಿ ಇರಲಿಲ್ಲ. 2015ರ ಆಂಡ್ರಾಯ್ಡ್ 6 'ಫೋನಿನಲ್ಲಿ ಇಟ್ಟದ್ದೆಲ್ಲ ಎನ್‌ಕ್ರಿಪ್ಟ್ ಆಗಿರಬೇಕು' ಎಂಬ ನಿಯಮ ತಂದಾಗ, ಸೆಕೆಂಡಿಗೆ ಸುಮಾರು 50 ಎಂಬಿಗಿಂತ ನಿಧಾನವಾಗಿ ಎಇಎಸ್ ಮಾಡುವ ಫೋನುಗಳಿಗೆ ವಿನಾಯಿತಿ ಕೊಟ್ಟಿತು. ಅಂದರೆ ಕಳೆದುಹೋದ ಫೋನಿನಲ್ಲಿದ್ದ ಮನೆಯವರ ಫೋಟೊ, ಬ್ಯಾಂಕಿನ ಸಂದೇಶಗಳಿಗೆ ರಕ್ಷಣೆ ಇದೆಯೋ ಇಲ್ಲವೋ ಎಂಬುದು ಫೋನಿನ ಬೆಲೆಯ ಮೇಲೆ ನಿಂತಿತು. ಕೊನೆಗೆ ಗೂಗಲ್‌ನ ಪಾಲ್ ಕ್ರೌಲಿ ಮತ್ತು ಎರಿಕ್ ಬಿಗ್ಗರ್ಸ್ ಆ ಆಜ್ಞೆಗಳೇ ಬೇಡದ ಅಡಿಯಾಂಟಮ್ ಎಂಬ ಹೊಸ ವಿಧಾನ ರೂಪಿಸಿದರು. ಎ7 ಮೇಲೆ ಅದು ಎಇಎಸ್‌ಗಿಂತ ಸುಮಾರು ಐದು ಪಟ್ಟು ವೇಗ. 2019ರ ಆಂಡ್ರಾಯ್ಡ್ 10ರಿಂದ ವಿನಾಯಿತಿ ರದ್ದಾಯಿತು. 'ನೋಡಿ, ಸಾಫ್ಟ್‌ವೇರೇ ಬಗ್ಗಿ ದಾರಿ ಮಾಡಿಕೊಂಡಿತಲ್ಲ' ಎಂದು ಯಾರಾದರೂ ಹೇಳಬಹುದು. ಮಾಡಿಕೊಂಡಿತು, ನಾಲ್ಕು ವರ್ಷ ತಡವಾಗಿ, ಗೂಗಲ್‌ನಷ್ಟು ದೊಡ್ಡ ಕಂಪನಿಯ ಗೂಢಲಿಪಿ ತಜ್ಞರು ಕೈಹಾಕಿದ ಮೇಲೆ. ಎಲ್ಲ ಕೊರತೆಗೂ ಅಂಥ ತಜ್ಞರು ಸಿಗುವುದಿಲ್ಲ.

ಸಿಗದಿದ್ದರೆ ಏನಾಗುತ್ತದೆ ಎಂಬುದು ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿದೆ. ವಿಡಿಯೊ ಕರೆಯಲ್ಲಿ ಬೆನ್ನ ಹಿಂದಿನ ಕೋಣೆಯನ್ನು ಮಸುಕಾಗಿಸುವ ಸೌಲಭ್ಯಕ್ಕೆ ಎವಿಎಕ್ಸ್2 ಇರುವ ಪ್ರೊಸೆಸರ್ ಬೇಕೆಂದು ಕಂಪನಿಯ ದಾಖಲೆಯೇ ಹೇಳುತ್ತಿತ್ತು. 2020ರಲ್ಲಿ ಶಾಲೆ, ಕಾಲೇಜು, ಸಂದರ್ಶನ ಎಲ್ಲವೂ ಮನೆಯೊಳಗೆ ಬಂದವು. ಆರು ಜನ ಮಲಗುವ ಒಂದೇ ಕೋಣೆ, ಒಗೆದು ಹರವಿದ ಬಟ್ಟೆ, ಹಿಂದೆ ಓಡಾಡುವ ಅಜ್ಜಿ, ಇವನ್ನು ಮಸುಕಾಗಿಸುವ ಅಗತ್ಯ ಯಾರಿಗಿತ್ತು? ಅಗ್ಗದ ಲ್ಯಾಪ್‌ಟಾಪ್ ಇದ್ದವರಿಗೆ. ಸೌಲಭ್ಯ ಸಿಕ್ಕಿದ್ದು ಪ್ರತ್ಯೇಕ ಕೋಣೆಯೂ ದುಬಾರಿ ಲ್ಯಾಪ್‌ಟಾಪೂ ಇದ್ದವರಿಗೆ. 'ಅಗ್ಗದ ಪ್ರೊಸೆಸರ್ ಕೊಳ್ಳುವವರಿಗೆ ಇದೆಲ್ಲ ಏಕೆ' ಎಂದವರು ಇದಕ್ಕೆ ಏನು ಹೇಳುತ್ತಾರೋ ತಿಳಿಯದು.

ಈಚೆಗೆ ಸಾಫ್ಟ್‌ವೇರ್ ಕಾಯುವುದನ್ನು ಬಿಟ್ಟಿದೆ. 2021ರ ಡೇಟಾಬೇಸ್ ತಂತ್ರಾಂಶ ಮೊಂಗೊಡಿಬಿ 5.0 ಎವಿಎಕ್ಸ್ ಕೇಳಿತು. 2025ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಎವಿಎಕ್ಸ್2 ಒಳಗೊಂಡ ಮಟ್ಟವನ್ನೇ ಕನಿಷ್ಠವೆಂದು ಗೊತ್ತುಮಾಡಿದೆ. ಅಂದರೆ 2020ರಲ್ಲಿ ಹೊಸದಾಗಿ ಕೊಂಡ ಜಿ6400ನಲ್ಲಿ ಅದು ಓಡುವುದಿಲ್ಲ, 2013ರ ಐ5ನಲ್ಲಿ ಓಡಲು ಆ ಕಾರಣದ ಅಡ್ಡಿಯಿಲ್ಲ. ತಮಾಷೆಯೆಂದರೆ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಆ ಪೆಂಟಿಯಂ ಇದೆ, ಆ ಐ5 ಇಲ್ಲ. ಎರಡು ಕಡೆಯಿಂದಲೂ ಪೆಟ್ಟು ತಿನ್ನುವವರು ಕಡಿಮೆ ದುಡ್ಡಿನವರೇ.

ಇಂಟೆಲ್‌ನ ಅಗ್ಗದ ಸಾಲಿಗೆ ಈಗ ಎವಿಎಕ್ಸ್2 ಬಂದಿದೆಯಾದರೂ ಹಳೆಯ ದಾಸ್ತಾನು ಅಂಗಡಿಗಳಲ್ಲೂ ಟೆಂಡರುಗಳಲ್ಲೂ ಇನ್ನೂ ತಿರುಗುತ್ತಿರುತ್ತದೆ. ಶಾಲೆ, ಗ್ರಂಥಾಲಯ, ಪಂಚಾಯಿತಿಗೆಂದು ನೂರಾರು ಕಂಪ್ಯೂಟರ್ ಕೊಳ್ಳುವ ಇಲಾಖೆಗಳು ಟೆಂಡರಿನಲ್ಲಿ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಎಂದು ಬರೆಯುವಂತೆಯೇ 'ಎವಿಎಕ್ಸ್2 ಮತ್ತು ಎಇಎಸ್ ಆಜ್ಞೆಗಳು ಇರತಕ್ಕದ್ದು' ಎಂಬ ಒಂದು ಸಾಲು ಸೇರಿಸಲಿ. ಅದಕ್ಕೆ ಬಹುತೇಕ ಖರ್ಚಿಲ್ಲ. ಮನೆಗೆ ಕೊಳ್ಳುವವರು ಪ್ರೊಸೆಸರಿನ ಹೆಸರನ್ನು ತಯಾರಕರ ತಾಣದಲ್ಲಿ ಹುಡುಕಿ 'ಇನ್‌ಸ್ಟ್ರಕ್ಷನ್ ಸೆಟ್ ಎಕ್ಸ್‌ಟೆನ್ಷನ್ಸ್' ಎಂಬ ಸಾಲನ್ನು ಓದಿ. ಅದು ಎಸ್‌ಎಸ್‌ಇ4.2ಕ್ಕೆ ನಿಂತುಬಿಟ್ಟಿದ್ದರೆ, ಡಬ್ಬಿ ಎಷ್ಟೇ ಹೊಸದಾಗಿದ್ದರೂ ಅಂಗಡಿಯವರಿಗೆ ವಾಪಸ್ ಕೊಟ್ಟು ಬೇರೆಯದನ್ನು ಕೇಳಿ.